ನೀರು ಬರುವುದು ಮೇಲಿನಿಂದ

ಮೇ ತಿಂಗಳ ಕೊನೆಗೆ ಬೆಂಗಳೂರಿನ ಯಾವುದೇ ದೊಡ್ಡ ಸ್ಪೋರ್ಟ್ಸ್ ಅಂಗಡಿಯ ಶೂ ಸಾಲಿನ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಒಂದೇ ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಇದು ವಾಟರ್‌ಪ್ರೂಫಾ?" "ಹೌದು ಸರ್, ಪಕ್ಕಾ." ಅಲ್ಲಿಗೆ ಮುಕ್ಕಾಲು ವ್ಯಾಪಾರ ಮುಗಿಯಿತು. ಹಿಮ್ಮಡಿ ಎಷ್ಟು ಗಟ್ಟಿಯಾಗಿ ಕೂರುತ್ತದೆ, ಅಟ್ಟೆಯ ರಬ್ಬರ್ ಎಂಥದ್ದು, ಇಳಿಜಾರಿನಲ್ಲಿ ಹೆಬ್ಬೆರಳು ಎಲ್ಲಿಗೆ ಹೋಗಿ ತಾಗುತ್ತದೆ ಎಂದು ಕೇಳುವವರು ಅಪರೂಪ. ಮಳೆ ಶುರುವಾದ ಮೇಲೆ ಒಂದು ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಮಲೆನಾಡು ಸೇರಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ಅದೇ ಶೂ ಒಳಗೆ ಪಚಪಚ ಅಂದಾಗ ಅಂಗಡಿಯವನಿಗೆ ಶಾಪ ಬೀಳುತ್ತದೆ. ಪಾಪ, ಅವನು ಸುಳ್ಳು ಹೇಳಿರಲಿಲ್ಲ. ಆ ಬಟ್ಟೆಯ ಮೂಲಕ ಒಂದು ಹನಿಯೂ ಒಳಗೆ ಬಂದಿರುವುದಿಲ್ಲ. ನೀರು ಬಂದದ್ದು ಮೇಲಿನಿಂದ, ಕಾಲು ತೂರಿಸುವ ಬಾಯಿಯಿಂದ.

ಬೆಂಗಳೂರಿನಿಂದ ಬೆಟ್ಟ ಹತ್ತುವವರಿಗೆ ಸಿಗುವ ನೆಲ ಎರಡು ಬಗೆಯದು. ಎರಡೂ ಬೇರೆ ಬೇರೆ ಶೂ ಕೇಳುತ್ತವೆ. ಮೊದಲನೆಯದು ಊರ ಸುತ್ತಲಿನ ಕಲ್ಲುಬೆಟ್ಟಗಳು: ಸಾವನದುರ್ಗ, ರಾಮದೇವರ ಬೆಟ್ಟ, ಶಿವಗಂಗೆ, ಮಾಕಳಿದುರ್ಗ, ಸ್ಕಂದಗಿರಿ, ಕೋಲಾರದ ಅಂತರಗಂಗೆ. ಇಲ್ಲಿ ವರ್ಷದ ಬಹುಪಾಲು ದಿನ ಒಣಬಂಡೆ. ಸಾವನದುರ್ಗದ ಕರಿಗುಡ್ಡದ ಹಾಸುಬಂಡೆಯ ಮೇಲೆ ಕಾಲನ್ನು ಹಿಡಿದು ನಿಲ್ಲಿಸುವುದು ರಬ್ಬರ್ ಒಂದೇ. ಇಂಥ ಕಡೆ ವಾಟರ್‌ಪ್ರೂಫ್ ಅಂದರೆ ಬೆವರಿನ ಚೀಲ. ಎರಡನೆಯದು ಘಟ್ಟ: ಕುಮಾರಪರ್ವತ, ಕುದುರೆಮುಖ, ತಡಿಯಂಡಮೋಳ್, ಕೊಡಚಾದ್ರಿ, ಎತ್ತಿನಭುಜ. ಅಲ್ಲಿ ಬೇರು, ಕೆಮ್ಮಣ್ಣು, ಪಾಚಿ ಹಿಡಿದ ಕಲ್ಲು, ಮೊಣಕಾಲೆತ್ತರದ ಹುಲ್ಲು, ಹಳ್ಳ. ನೀರಿನ ಮಾತು ಬರುವುದು ಇಲ್ಲಿ ಮಾತ್ರ. ಅದೂ ಎಲ್ಲ ತಿಂಗಳಲ್ಲೂ ಒಂದೇ ರೀತಿ ಅಲ್ಲ.

ವಾಟರ್‌ಪ್ರೂಫ್ ಶೂ ಒಳಗೆ ಏನಿರುತ್ತದೆ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಹೊರಬಟ್ಟೆಗೂ ಒಳಗಿನ ಅಸ್ತರಿಗೂ ನಡುವೆ ಕಾಲುಚೀಲದ ಆಕಾರದ ಒಂದು ತೆಳು ಪೊರೆ ಇರುತ್ತದೆ. ಇವುಗಳಲ್ಲಿ ಹೆಸರಾದದ್ದು ಗೋರ್‌ಟೆಕ್ಸ್. 1969ರಲ್ಲಿ ಅಮೆರಿಕದ ಬಾಬ್ ಗೋರ್, ಬಿಸಿ ಮಾಡಿದ ಪಿಟಿಎಫ್‌ಇ ಕಡ್ಡಿಯನ್ನು, ಅಂದರೆ ನಮ್ಮ ದೋಸೆ ತವಾಕ್ಕೆ ಬಳಿಯುವ ಟೆಫ್ಲಾನ್ ಜಾತಿಯ ವಸ್ತುವನ್ನು, ನಿಧಾನವಾಗಿ ಎಳೆದು ನೋಡುತ್ತಿದ್ದರು. ಅದು ತುಂಡಾಗುತ್ತಲೇ ಇತ್ತು. ಒಮ್ಮೆ ಬೇಸತ್ತು ಝಟ್ಟನೆ ಎಳೆದಾಗ ತುಂಡಾಗದೆ ಹಲವು ಪಟ್ಟು ಉದ್ದವಾಯಿತು, ಒಳಗೆಲ್ಲ ಅತಿ ಸಣ್ಣ ರಂಧ್ರಗಳು ಮೂಡಿದವು. ನೀರಿನ ಹನಿ ಆ ರಂಧ್ರದಲ್ಲಿ ತೂರಲಾರದು, ಬೆವರಿನ ಆವಿ ತೂರಬಲ್ಲದು. ಅಗ್ಗದ ಶೂಗಳಲ್ಲಿ ಸಾಮಾನ್ಯವಾಗಿ ಪಾಲಿಯುರೆಥೇನ್ ಪೊರೆ ಇರುತ್ತದೆ. ಹೊಸದರಲ್ಲಿ ಅದೂ ನೀರು ತಡೆಯುತ್ತದೆ.

"ಆವಿ ತೂರಬಲ್ಲದು" ಎಂಬ ಮಾತಿಗೆ ಒಂದು ಷರತ್ತಿದೆ. ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಹಿಮಾಲಯದ ಚಳಿಯ ಒಣಗಾಳಿಯಲ್ಲಿ ಈ ಲೆಕ್ಕ ಸರಿಹೋಗುತ್ತದೆ. ಆಷಾಢದ ಜಡಿಮಳೆಯಲ್ಲಿ, ಗೋಡೆಯೇ ಬೆವರುವ ಆಗುಂಬೆಯಂಥ ಕಡೆಯಲ್ಲಿ, ಒಳಗೂ ಹೊರಗೂ ತೇವ ಹೆಚ್ಚುಕಡಿಮೆ ಒಂದೇ. ಆವಿಗೆ ಹೊರಡುವ ಕಾರಣವೇ ಇಲ್ಲ. ಜೊತೆಗೆ ಶೂವಿನ ಹೊರಬಟ್ಟೆಗೆ ನೀರು ಜಾರಿಸುವ ಒಂದು ಲೇಪ ಇರುತ್ತದೆ. ಹೊಸ ಶೂ ಮೇಲೆ ನೀರು ಕೆಸುವಿನ ಎಲೆಯ ಮೇಲೆ ಉರುಳುವ ಹಾಗೆ ಉರುಳುವುದು ಅದರಿಂದ. ಹುಲ್ಲು, ಕೆಸರು ಉಜ್ಜಿ ಉಜ್ಜಿ ಆ ಲೇಪ ಸವೆದರೆ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಪೊರೆಯ ಮೇಲೆ ಒದ್ದೆಬಟ್ಟೆ ಹೊದಿಸಿದಂತಾಗಿ ಆವಿಯ ದಾರಿ ಪೂರ್ತಿ ಮುಚ್ಚುತ್ತದೆ. ಒಳಗೆ ತೇವ ಕಂಡವರು ಶೂ ಸೋರಿತು ಅನ್ನುತ್ತಾರೆ. ಬಹಳ ಸಲ ಅದು ಅವರದೇ ಬೆವರು.

ಇನ್ನು ಬಾಯಿಯ ವಿಷಯ. ಶೂವಿನ ಲೇಸು ಸಡಿಲಿಸಿ ನಾಲಿಗೆಯನ್ನು ಮುಂದಕ್ಕೆ ಎಳೆದು ನೋಡಿ. ನಾಲಿಗೆಯ ಎರಡೂ ಪಕ್ಕ ಬಟ್ಟೆಯ ಮಡಿಕೆಯೊಂದು ಶೂವಿನ ಮೈಗೆ ಹೊಲಿದಿರಬೇಕು. ಆ ಹೊಲಿಗೆ ಎಲ್ಲಿ ಮುಗಿಯುತ್ತದೋ ನೀರು ತಡೆಯುವುದು ಅಲ್ಲಿಯವರೆಗೆ ಮಾತ್ರ. ಗಿಡ್ಡ ಶೂಗಳಲ್ಲಿ ಅದು ನೆಲದಿಂದ ನಾಲ್ಕೈದು ಬೆರಳಿನಷ್ಟು ಎತ್ತರ. ಕುದುರೆಮುಖದ ದಾರಿಯ ಹಳ್ಳಗಳು ಮಳೆಗಾಲದಲ್ಲಿ ಅಷ್ಟಕ್ಕೆ ನಿಲ್ಲುವುದಿಲ್ಲ. ಹಳ್ಳ ಬಿಡಿ, ಕಾಲುಚೀಲವೇ ಸಾಕು: ಮಳೆನೀರು ಪ್ಯಾಂಟಿನಿಂದ ಇಳಿದು, ಕಾಲುಚೀಲ ಹೀರಿ, ಬತ್ತಿಯಲ್ಲಿ ಎಣ್ಣೆ ಹರಿದಂತೆ ಒಳಗೆ ಹರಿಯುತ್ತದೆ. ಹೊರಗಿನ ನೀರನ್ನು ಒಳಗೆ ಬಿಡದ ಪೊರೆ ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲ. ಆಗ ಶೂ ಅನ್ನುವುದು ಕಾಲಿಗೆ ಕಟ್ಟಿಕೊಂಡ ಚೊಂಬು.

ಹಾಗಾಗಿ ನನ್ನ ಲೆಕ್ಕ ಇಷ್ಟು. ಅಕ್ಟೋಬರ್‌ನಿಂದ ಜನವರಿವರೆಗೆ ಘಟ್ಟದ ಇಬ್ಬನಿ ಹುಲ್ಲಲ್ಲಿ ನಡೆಯುವವರಿಗೆ, ಸೋನೆಮಳೆಗೆ, ತಗ್ಗಿನ ಕೆಸರಿಗೆ, ಚಳಿಗಾಲದಲ್ಲಿ ಹಿಮಾಲಯದ ಹಿಮಕ್ಕೆ ಹೋಗುವವರಿಗೆ ಪೊರೆಯಿರುವ ಶೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆಗೆ ಜಾಳಿಗೆ ಬಟ್ಟೆಯ ಶೂ ಒಳ್ಳೆಯದು. ಒದ್ದೆಯಾಗುತ್ತದೆ, ಆದರೆ ಹಳ್ಳ ದಾಟಿ ನೂರು ಹೆಜ್ಜೆ ನಡೆಯುವಷ್ಟರಲ್ಲಿ ಬಹುಪಾಲು ನೀರು ಹಿಂಡಿ ಹೋಗಿರುತ್ತದೆ. ಊರ ಸುತ್ತಲಿನ ಬಂಡೆಗಳಿಗಷ್ಟೇ ಹೋಗುವವರು ಪೊರೆಯ ದುಡ್ಡನ್ನು ಅಟ್ಟೆಗೆ ಹಾಕಲಿ. ಒಂದೇ ಜೋಡಿಯಲ್ಲಿ ಎಲ್ಲ ಆಗಬೇಕು ಅನ್ನುವವರಿಗೆ ಮಾತ್ರ ಉತ್ತರ ಕಷ್ಟ. ಅವರು ವರ್ಷದಲ್ಲಿ ಯಾವ ತಿಂಗಳು ಹೆಚ್ಚು ನಡೆಯುತ್ತಾರೆ ಎಂದು ಹಿಂದಿನ ವರ್ಷದ ಫೋಟೊಗಳ ತಾರೀಕು ನೋಡಿಕೊಂಡು ತೀರ್ಮಾನಿಸಬಹುದು.

ಕಾಲು ಉಳುಕದಿರಲು ಎತ್ತರದ ಬೂಟೇ ಬೇಕು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಹರಡಿನ ಸುತ್ತ ಸುತ್ತಿಕೊಳ್ಳುವ ಮೆತ್ತನೆಯ ಬಟ್ಟೆ ದೇಹದ ಭಾರವನ್ನು ತಡೆದು ನಿಲ್ಲಿಸಲಾರದು. ಅದು ಜಲ್ಲಿ ಒಳಗೆ ಬರದಂತೆ ನೋಡಿಕೊಳ್ಳುತ್ತದೆ, ಹರಡಿಗೆ ಕಲ್ಲು ತಾಗದಂತೆ ಕಾಯುತ್ತದೆ, ಅಷ್ಟೆ. ಹಗುರವಾದ ಗಿಡ್ಡ ಶೂವಿನಲ್ಲಿ ಆಧಾರ ಬರುವುದು ಮೂರು ಜಾಗದಿಂದ. ಮೂರನ್ನೂ ಅಂಗಡಿಯಲ್ಲೇ ಕೈಯಿಂದ ಪರೀಕ್ಷಿಸಬಹುದು.

ಮೊದಲು ಹಿಮ್ಮಡಿಯ ಬಟ್ಟಲು. ಶೂವಿನ ಹಿಂಬದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿ. ಮಾಗಿದ ಮಾವಿನ ಹಾಗೆ ಒಳಗೆ ಹೋದರೆ ಬೇಡ, ತೆಂಗಿನ ಚಿಪ್ಪಿನ ಹಾಗೆ ನಿಲ್ಲಬೇಕು. ಆಮೇಲೆ ತಿರುಚು. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಬೆರಳಿನ ಕಡೆ ಹಿಡಿದು ಒದ್ದೆಬಟ್ಟೆ ಹಿಂಡುವಂತೆ ತಿರುವಿ. ಸ್ವಲ್ಪ ತಿರುಗಿ ಗಟ್ಟಿಯಾಗಿ ನಿಂತರೆ ಒಳಗೆ ಪಟ್ಟಿಯೊಂದು ಇದೆ ಎಂದು ಅರ್ಥ. ಸಲೀಸಾಗಿ ತಿರುಗಿದರೆ ಅಂಚು ಕಲ್ಲಿನ ಮೇಲೆ ಕಾಲಿಟ್ಟಾಗ ತಿರುಗುವುದು ನಿಮ್ಮ ಪಾದ. ಹಾಗೆಯೇ ಶೂವನ್ನು ಮುಂದಿನಿಂದ ಬಗ್ಗಿಸಿ ನೋಡಿ. ಬೆರಳುಗಳು ಮಡಚುವ ಜಾಗದಲ್ಲೇ ಮಡಚಬೇಕು. ಪಾದದ ನಟ್ಟನಡುವೆ ಮಡಚುವ ಶೂ ಪಾರ್ಕಿಗೆ ಸರಿ, ಬೆಟ್ಟಕ್ಕೆ ಬೇಡ. ಮೂರನೆಯದು ಪಾದದಡಿಯ ಅಟ್ಟೆಯ ಎತ್ತರ. ಈಗ ದಪ್ಪ ಮೆತ್ತೆಯ ಫೋಮ್ ಶೂಗಳ ಕಾಲ. ಡಾಂಬರು ರಸ್ತೆಯಲ್ಲಿ ಅವು ಹಾಯಾಗಿರುತ್ತವೆ, ಅಂತರಗಂಗೆಯ ಬಂಡೆಗಳ ಸಂದಿಯಲ್ಲಿ ಮಣೆಯ ಮೇಲೆ ನಿಂತು ವಾಲಾಡಿದಂತೆ. ಪಾದ ನೆಲದಿಂದ ಮೇಲಿದ್ದಷ್ಟೂ ಉಳುಕಿಸುವ ಸನ್ನೆಗೋಲು ಉದ್ದವಾಗುತ್ತದೆ.

ಶೂ ಒಳಗಿನ ಹಾಸನ್ನು ಮಾತ್ರ ನೋಡಿ ಆಧಾರ ಅಳೆಯಬೇಡಿ. ದುಬಾರಿ ಶೂಗಳಲ್ಲೂ ಅದು ಬಹುತೇಕ ಮೂರು ನಾಲ್ಕು ಮಿಲಿಮೀಟರಿನ ಸಾದಾ ಫೋಮ್. ಹೊರಗೆ ಎಳೆದು ನೋಡಿದರೆ ಗೊತ್ತಾಗುತ್ತದೆ.

ಅಟ್ಟೆಯ ಕಥೆಗೆ ಹಿನ್ನೆಲೆ ಇದೆ. 1935ರಲ್ಲಿ ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿಯ ಆರು ಜೊತೆಗಾರರು ಆಲ್ಪ್ಸ್‌ನಲ್ಲಿ ಸತ್ತರು. ಅವರ ಶೂಗಳು ಆ ಚಳಿಗೂ ಆ ಕಲ್ಲಿಗೂ ತಕ್ಕವಾಗಿರಲಿಲ್ಲ. ಅದಾದ ಎರಡು ವರ್ಷಕ್ಕೆ ಬ್ರಮಾನಿ ತಂದ ಹಲ್ಲುಹಲ್ಲಿನ ರಬ್ಬರ್ ಅಟ್ಟೆಯೇ ವಿಬ್ರಾಮ್. ಇಂದು ಅದರ ಹಳದಿ ಅಷ್ಟಭುಜದ ಗುರುತು ಕಂಡರೆ ಸಾಕು, ಕೊಳ್ಳುವವರು ಬೇರೇನೂ ಕೇಳುವುದಿಲ್ಲ. ಆದರೆ ಒಂದೇ ಕಂಪನಿ ಹಲವು ಬಗೆಯ ರಬ್ಬರ್ ಮಾಡುತ್ತದೆ. ಕೆಲವು ಬಾಳಿಕೆಗೆ, ಕೆಲವು ಒದ್ದೆ ಕಲ್ಲಿನ ಹಿಡಿತಕ್ಕೆ. ಪೆಟ್ಟಿಗೆಯ ಮೇಲೆ ರಬ್ಬರಿನ ಹೆಸರನ್ನೂ ಓದಿ, ಉದಾಹರಣೆಗೆ ಮೆಗಾಗ್ರಿಪ್ ಎಂದಿದ್ದರೆ ಅದು ಹಿಡಿತಕ್ಕಾಗಿ ಮಾಡಿದ್ದು. ಹೆಸರೇ ಇಲ್ಲದ ಅಟ್ಟೆಯಾದರೆ ಉಗುರಿನಿಂದ ಒತ್ತಿ. ಗುರುತು ಮೂಡಿ ಮಾಯವಾದರೆ ಮೃದು, ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಗಟ್ಟಿಯಾಗಿ ಜಾರಿದರೆ ಹಾಸುಬಂಡೆಯಲ್ಲೂ ಹಾಗೆಯೇ ಜಾರುತ್ತದೆ.

ಹಲ್ಲಿನ ಆಳ ನಾಲ್ಕರಿಂದ ಐದು ಮಿಲಿಮೀಟರ್ ಇದ್ದರೆ ಎರಡೂ ನೆಲಕ್ಕೆ ನಡೆಯುತ್ತದೆ. ಬಂಡೆಗೆ ಅಗಲ ಹಲ್ಲು ಬೇಕು, ಕಲ್ಲಿಗೆ ತಾಗುವ ರಬ್ಬರ್ ಹೆಚ್ಚಿದ್ದಷ್ಟೂ ಹಿಡಿತ. ಕೆಮ್ಮಣ್ಣಿನ ಕೆಸರಿಗೆ ಹಲ್ಲುಗಳ ನಡುವೆ ಅಂತರ ಬೇಕು, ಇಲ್ಲದಿದ್ದರೆ ಮಣ್ಣು ಸಂದಿಯಲ್ಲಿ ಕೂತು ಅಟ್ಟೆ ತಟ್ಟೆಯಂತಾಗುತ್ತದೆ. ಪಾಚಿ ಹಿಡಿದ ಒದ್ದೆ ಬಂಡೆಗೆ ಯಾವ ರಬ್ಬರೂ ಇಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಕೋಲು ಮತ್ತು ಸುತ್ತಿ ಹೋಗುವ ವ್ಯವಧಾನ.

ತೂಕಕ್ಕೆ ಬಂದರೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಎಂಟನೇ ನಂಬರಿನ ಒಂದು ಶೂ 350ರಿಂದ 450 ಗ್ರಾಂ ಒಳಗಿದ್ದರೆ ಹಗುರವೂ ಹೌದು, ಮೇಲೆ ಹೇಳಿದ ಆಧಾರವೂ ಅದರಲ್ಲಿ ಹಿಡಿಸುತ್ತದೆ. 300 ಗ್ರಾಂಗಿಂತ ಕೆಳಗೆ ಹೋದರೆ ಏನೋ ಒಂದನ್ನು ಕಿತ್ತುಹಾಕಿರುತ್ತಾರೆ, ಸಾಮಾನ್ಯವಾಗಿ ಒಳಪಟ್ಟಿಯನ್ನೋ ಬೆರಳ ಮುಂದಿನ ರಬ್ಬರ್ ಕಟ್ಟನ್ನೋ. ನೂರು ಗ್ರಾಂ ಏನು ಮಹಾ ಅನಿಸಬಹುದು. 20 ಕಿಲೋಮೀಟರ್ ನಡೆಯಲು ಒಂದೊಂದು ಕಾಲನ್ನು ಸುಮಾರು 14,000 ಸಲ ಎತ್ತಬೇಕು. ನೂರು ಗ್ರಾಂ ಹೆಚ್ಚಾದರೆ ಸಂಜೆಯ ಹೊತ್ತಿಗೆ ಆ ಕಾಲು 1,400 ಕಿಲೋ ಹೆಚ್ಚು ಎತ್ತಿರುತ್ತದೆ. ಪೊರೆ ಇರುವ ಶೂ ಅದೇ ಮಾದರಿಯ ಪೊರೆಯಿಲ್ಲದ ಶೂಗಿಂತ ಕೆಲವು ಹತ್ತು ಗ್ರಾಂ ಭಾರ. ಹೊರಬಟ್ಟೆ ನೀರು ಕುಡಿದ ಮೇಲಿನ ಲೆಕ್ಕ ಬೇರೆ.

ಅಳತೆಯಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಬ್ರಿಟಿಷ್ ನಂಬರಿನಲ್ಲಿ ಒಂದರಿಂದ ಮುಂದಿನದಕ್ಕೆ ಸುಮಾರು 8.5 ಮಿಲಿಮೀಟರ್ ಅಂತರ, ಯುರೋಪಿನ ನಂಬರಿನಲ್ಲಿ ಸುಮಾರು 6.7. ಎರಡು ಅಳತೆಪಟ್ಟಿಗಳು ಎಲ್ಲೂ ಸರಿಯಾಗಿ ಕೂಡುವುದಿಲ್ಲ, ಒಬ್ಬೊಬ್ಬ ತಯಾರಕರು ಒಂದೊಂದು ಕಡೆ ದುಂಡಗೆ ಮಾಡುತ್ತಾರೆ. "ನನ್ನದು ಎಂಟು" ಎಂದು ಆನ್‌ಲೈನಿನಲ್ಲಿ ತರಿಸಿದರೆ ಹೆಬ್ಬೆರಳು ದಂಡ ತೆರುತ್ತದೆ. ಇನ್ನು ಬರಿಗಾಲು, ಚಪ್ಪಲಿಯಲ್ಲಿ ಬೆಳೆದ ನಮ್ಮ ಪಾದಗಳು ಮುಂಭಾಗದಲ್ಲಿ ಅಗಲ. ಚೂಪು ಮೂತಿಯ ಅಚ್ಚಿನಲ್ಲಿ ಮಾಡಿದ ಶೂ ಕಿರುಬೆರಳನ್ನು ಹಿಸುಕುತ್ತದೆ. ಆಗ ಜನ ಒಂದು ನಂಬರ್ ದೊಡ್ಡದು ತೆಗೆದುಕೊಳ್ಳುತ್ತಾರೆ, ಅಗಲ ಸರಿಹೋದರೂ ಹಿಮ್ಮಡಿ ಎದ್ದು ಎದ್ದು ಕೂರುತ್ತದೆ. ಅಗಲ ಅಚ್ಚಿನ ಮಾದರಿ ಹುಡುಕುವುದೇ ಇದಕ್ಕೆ ಮದ್ದು.

ಅಂಗಡಿಗೆ ಹೋಗುವುದು ಸಂಜೆ, ಪಾದ ಊದಿಕೊಂಡ ಮೇಲೆ. ಬೆಟ್ಟಕ್ಕೆ ಹಾಕುವ ಕಾಲುಚೀಲವನ್ನೇ ಜೊತೆಗೆ ಒಯ್ಯಿರಿ, ಉಣ್ಣೆಯದೋ ಸಿಂಥೆಟಿಕ್ಕೋ ಆಗಲಿ, ಹತ್ತಿಯದು ಬೇಡ. ಹತ್ತಿ ಬೆವರು ಹಿಡಿದಿಟ್ಟುಕೊಂಡು ಚರ್ಮವನ್ನು ಮೆತ್ತಗೆ ಮಾಡುತ್ತದೆ, ಗುಳ್ಳೆ ಏಳುವುದು ಅಲ್ಲಿಂದ. ಶೂವಿನ ಒಳಹಾಸನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಎರಡೂ ಕಾಲಿನ ಭಾರ ಹಾಕಿ ನಿಲ್ಲಿ. ಉದ್ದದ ಬೆರಳಿನ ಮುಂದೆ ಒಂದು ಬೆರಳಗಲ ಉಳಿಯಬೇಕು, ಕಿರುಬೆರಳು ಹಾಸಿನ ಅಂಚು ದಾಟಬಾರದು. ನಂತರ ಶೂ ಹಾಕಿ, ಲೇಸು ಬಿಗಿಯದೆ ಪಾದವನ್ನು ಮುಂದಕ್ಕೆ ತಳ್ಳಿ. ಹಿಮ್ಮಡಿಯ ಹಿಂದೆ ತೋರುಬೆರಳು ಆರಾಮಾಗಿ ಇಳಿಯಬೇಕು. ಕೆಲವು ಅಂಗಡಿಗಳಲ್ಲಿ ಕಲ್ಲು ಕೂರಿಸಿದ ಇಳಿಜಾರು ಹಲಗೆ ಇರುತ್ತದೆ. ಇಲ್ಲದಿದ್ದರೆ ಮೆಟ್ಟಿಲು ಇದ್ದೇ ಇದೆ. ಲೇಸು ಬಿಗಿದು ಇಳಿಯುವಾಗ ಹೆಬ್ಬೆರಳು ಮುಂದೆ ಬಡಿದರೆ ಅಲ್ಲೇ ಬಿಚ್ಚಿಡಿ. ಕುಮಾರಪರ್ವತದಿಂದ ಕುಕ್ಕೆಗೆ ಇಳಿಯುವ ಹೊತ್ತಿಗೆ ಆ ಉಗುರು ಕಪ್ಪಾಗುವುದು ಖಂಡಿತ. ಆ ಬೆಟ್ಟ 1,712 ಮೀಟರ್ ಎತ್ತರದ್ದು. ದಾರಿ ನಡುವಿನ ಭಟ್ಟರ ಮನೆ ದಾಟಿದ ಮೇಲೂ ಕಾಡಿನ ಬೇರು, ಕಲ್ಲಿನ ಇಳಿಜಾರು ಸಾಕಷ್ಟು ಉಳಿದಿರುತ್ತದೆ.

ಹಿಮ್ಮಡಿ ಎದ್ದರೆ ಲೇಸಿನಲ್ಲಿ ಒಂದು ಉಪಾಯ ಇದೆ. ಎಲ್ಲಕ್ಕಿಂತ ಮೇಲಿನ ಎರಡು ರಂಧ್ರಗಳಲ್ಲಿ ಲೇಸನ್ನು ಅದೇ ಪಕ್ಕದಲ್ಲಿ ಪೋಣಿಸಿ ಸಣ್ಣ ಕುಣಿಕೆ ಮಾಡಿ. ಎರಡೂ ಬದಿ ಹೀಗೆ ಮಾಡಿ ಎಡದ ತುದಿಯನ್ನು ಬಲದ ಕುಣಿಕೆಯಲ್ಲಿ, ಬಲದ್ದನ್ನು ಎಡದಲ್ಲಿ ತೂರಿಸಿ. ಈಗ ಮೇಲಕ್ಕೆ ಎಳೆಯುವ ಬದಲು ಹಿಮ್ಮಡಿಯ ಕಡೆ ಕೆಳಮುಖವಾಗಿ ಎಳೆದು, ಆಮೇಲೆ ಗಂಟು ಹಾಕಿ. ಏರುವಾಗ ಇದನ್ನು ಸ್ವಲ್ಪ ಸಡಿಲ ಬಿಡಿ, ಇಳಿಯುವ ಮೊದಲು ಬಿಗಿಯಿರಿ. ತುದಿಯಲ್ಲಿ ಫೋಟೊ ತೆಗೆಯುವಷ್ಟೇ ಹೊತ್ತು ಸಾಕು.

ಶೂ ಪಳಗಿಸಲು ಲಾಲ್‌ಬಾಗಿನ ಬಂಡೆಗಿಂತ ಒಳ್ಳೆಯ ಜಾಗ ಊರಲ್ಲಿ ಇಲ್ಲ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ಕೆಂಪೇಗೌಡರ ಗೋಪುರದವರೆಗೆ ಹದವಾದ ಏರು. ಹೊಸ ಅಟ್ಟೆ ಒಣಕಲ್ಲಿನ ಮೇಲೆ ಹೇಗೆ ಕೂರುತ್ತದೆ ಎಂದು ಅಲ್ಲೇ ತಿಳಿಯುತ್ತದೆ. ಅದಕ್ಕೂ ಮೊದಲು ಎರಡು ದಿನ ಮನೆಯೊಳಗೇ ಹಾಕಿ ಓಡಾಡಿ, ಅಟ್ಟೆ ಕೊಳೆಯಾಗದಿದ್ದರೆ ಹಿಂದಿರುಗಿಸುವ ದಾರಿ ತೆರೆದಿರುತ್ತದೆ. ಆಮೇಲೆ ಐದಾರು ಕಿಲೋ ಚೀಲ ಹೊತ್ತು ಅಪಾರ್ಟ್‌ಮೆಂಟ್ ಮೆಟ್ಟಿಲು. ಕಚ್ಚುವ ಶೂ ಮೊದಲ ಎರಡು ಗಂಟೆಯಲ್ಲೇ ಕಚ್ಚುತ್ತದೆ. ಬಿಸಿ ಅನಿಸಿದ ಜಾಗಕ್ಕೆ ಗುಳ್ಳೆ ಏಳುವ ಮೊದಲೇ ಮೆಡಿಕಲ್ ಶಾಪಿನ ಮೈಕ್ರೋಪೋರ್ ಟೇಪ್ ಅಂಟಿಸಿ. ಆದರೆ ಅದೇ ಶೂವಿನಲ್ಲಿ ದಿನಾ ಆಫೀಸಿಗೆ ಹೋಗಬೇಡಿ. ಮೃದು ರಬ್ಬರನ್ನು ಕಾಂಕ್ರೀಟು ಕಾಯಿ ತುರಿದ ಹಾಗೆ ತುರಿಯುತ್ತದೆ.

ರಕ್ತ ಹೀರುವ ಉಂಬಳಕ್ಕೂ ವಾಟರ್‌ಪ್ರೂಫಿಗೂ ಸಂಬಂಧವಿಲ್ಲ. ಅದು ಶೂ ಹತ್ತಿ ಬಾಯಿಯಿಂದಲೇ ಇಳಿಯುತ್ತದೆ. ಮೊಣಕಾಲವರೆಗಿನ ಒತ್ತುನೇಯ್ಗೆಯ ಉಂಬಳದ ಚೀಲ ಹಾಕಿದರೆ ಸಾಕು.

ಬೆಟ್ಟ ಇಳಿದು ಹೋಮ್‌ಸ್ಟೇಗೆ ಬಂದವರು ಒದ್ದೆ ಶೂಗಳನ್ನು ಸಾಲಾಗಿ ಬಚ್ಚಲೊಲೆಯ ಮುಂದೆ ಇಡುತ್ತಾರೆ. ಅರ್ಧ ಗಂಟೆಯಲ್ಲಿ ಹಿತವಾದ ಆವಿ ಏಳುತ್ತದೆ. ಅಟ್ಟೆಯನ್ನು ಮೇಲ್ಭಾಗಕ್ಕೆ ಹಿಡಿದಿರುವ ಅಂಟು ಮೆತ್ತಗಾಗುವುದೂ, ಫೋಮ್ ಕುಗ್ಗುವುದೂ ಆಗಲೇ. ಒಳಹಾಸು, ಲೇಸು ಹೊರತೆಗೆದು, ಹಳೆ ಪೇಪರ್ ಉಂಡೆ ತುರುಕಿ, ಒಂದೆರಡು ಗಂಟೆಗೊಮ್ಮೆ ಬದಲಿಸಿ. ಗಾಳಿಯಾಡುವ ಕಡೆ ಮೂತಿ ಕೆಳಗೆ ಮಾಡಿ ಒರಗಿಸಿ. ಜಾಳಿಗೆ ಶೂ ಬೆಳಿಗ್ಗೆಗೆ ಹಾಕುವಂತಾಗುತ್ತದೆ. ಪೊರೆಯದು ಮಳೆಗಾಲದಲ್ಲಿ ಎರಡು ದಿನವಾದರೂ ಕೇಳುತ್ತದೆ. ಶನಿವಾರ ತುಂಬಿದ ಶೂವನ್ನೇ ಭಾನುವಾರ ಮತ್ತೆ ಹಾಕಬೇಕು ಎಂಬುದನ್ನು ಕೊಳ್ಳುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮನೆಗೆ ಬಂದ ಮೇಲೆ ಹಳೆ ಟೂತ್‌ಬ್ರಷ್, ಸಾದಾ ನೀರು, ನೆರಳು. ವಾಷಿಂಗ್ ಮೆಷಿನ್ ಬೇಡ. ನೀರು ಉರುಳುವುದು ನಿಂತಿದ್ದರೆ ಲೇಪದ ಸ್ಪ್ರೇ ಒಮ್ಮೆ ಹೊಡೆಯಿರಿ.

ಎತ್ತಿಟ್ಟ ಶೂಗಳದು ಬೇರೆ ಕಾಯಿಲೆ. ಒಂದು ಹಿಮಾಲಯ ಮುಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ ಶೂ ನಾಲ್ಕೈದು ವರ್ಷಕ್ಕೆ ತೆಗೆದಾಗ ಹೊಸದರಂತೆಯೇ ಕಾಣುತ್ತದೆ. ಬೆಟ್ಟದ ಅರ್ಧದಲ್ಲಿ ಅಟ್ಟೆ ರಸ್ಕಿನಂತೆ ಪುಡಿಪುಡಿಯಾಗಿ ಉದುರುತ್ತದೆ. ಪಾದಕ್ಕೂ ಅಟ್ಟೆಗೂ ನಡುವಿನ ಪಾಲಿಯುರೆಥೇನ್ ಮೆತ್ತೆ, ಅಂದರೆ ನಡುಅಟ್ಟೆ, ಗಾಳಿಯ ತೇವದೊಡನೆ ಸೇರಿ ಒಳಗಿಂದಲೇ ಕಡಿದುಹೋಗುವ ರೀತಿ ಇದು. ಬಳಸದೆ ಮುಚ್ಚಿಟ್ಟರೂ ಬಿಡುವುದಿಲ್ಲ. ಇವಿಎ ಎಂಬ ಇನ್ನೊಂದು ಬಗೆಯ ಫೋಮಿಗೆ ಈ ಕಾಯಿಲೆ ಇಲ್ಲ, ಅದು ತುಳಿದು ತುಳಿದು ಚಪ್ಪಟೆಯಾಗುತ್ತದಷ್ಟೆ. ಹಳೆ ಶೂ ತೆಗೆದಾಗ ನಡುಅಟ್ಟೆಯ ಪಕ್ಕವನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿ, ಮುಂದಿನಿಂದ ಹತ್ತು ಸಲ ಬಗ್ಗಿಸಿ. ಬಿರುಕು ಬಿಟ್ಟರೆ, ಪುಡಿ ಬಂದರೆ, ಕೈಗೆ ಅಂಟಂಟಾದರೆ ಮನೆಯಲ್ಲೇ ಬಿಡಿ.

ಬರೀ ಅಂಟು ಬಿಟ್ಟು ಬಾಯಿ ತೆರೆದಿದ್ದರೆ ರಿಪೇರಿ ಆಗುತ್ತದೆ. ಎರಡೂ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಧೂಳು ಒರೆಸಿ, ರಬ್ಬರ್ ಅಂಟನ್ನು ಎರಡೂ ಕಡೆ ತೆಳುವಾಗಿ ಬಳಿಯಿರಿ. ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಜಿಗುಟು ಅನಿಸಿದರೂ ಹತ್ತದ ಹದಕ್ಕೆ ಬಂದಾಗ ಒತ್ತಿ, ಒಂದು ದಿನ ಬಿಗಿಯಾಗಿ ಕಟ್ಟಿಡಿ. ಅಂಟು ಹಸಿಯಿರುವಾಗಲೇ ಒತ್ತುವ ಆತುರದಲ್ಲಿ ಹೆಚ್ಚಿನ ರಿಪೇರಿ ಕೆಡುತ್ತದೆ. ನಮ್ಮ ಬೀದಿಬದಿಯ ಚಪ್ಪಲಿ ರಿಪೇರಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಟ್ಟೆಯ ಸುತ್ತ ದಪ್ಪ ನೂಲಿನಲ್ಲಿ ಹೊಲಿದುಕೊಡುತ್ತಾರೆ. ಜಾಳಿಗೆ ಶೂಗೆ ಇದು ಚಿನ್ನದಂಥ ಕೆಲಸ, ಶೂ ಸವೆದುಹೋದರೂ ಹೊಲಿಗೆ ಬಿಡುವುದಿಲ್ಲ. ಪೊರೆಯಿರುವ ಶೂಗೆ ಹೊಲಿಸುವ ಮೊದಲು ಮಾತ್ರ ಯೋಚಿಸಿ: ಸೂಜಿ ಒಳಗೆ ಹೋದಲ್ಲೆಲ್ಲ ಪೊರೆಯಲ್ಲಿ ಒಂದೊಂದು ತೂತು ಬೀಳುತ್ತದೆ. ಹೊಲಿಸಿದ ಮೇಲೆ ಅದು ಗಟ್ಟಿ ಶೂ, ಆದರೆ ವಾಟರ್‌ಪ್ರೂಫ್ ಶೂ ಆಗಿ ಉಳಿದಿರುವುದಿಲ್ಲ.